ಗಂಗಾಮೂಲದ ಮಗಳು ಪಂಡಿತಾ ರಮಾಬಾಯಿ

ರಾಜ್ಯೋತ್ಸವದ ಶುಭ ಸಂದರ್ಭದಲ್ಲಿ ನಾಡಿನ ಹಿರಿಯರನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಆದರೆ ಕನ್ನಡ ನೆಲದಲ್ಲಿ ಹುಟ್ಟಿ, ಹೊರನಾಡಿನಲ್ಲಿ ದುಡಿದು, ಅಲ್ಲಿಯ ಮಣ್ಣಿನಲ್ಲೇ ಸೇರಿಹೋದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪಂಡಿತಾ ರಮಾಬಾಯಿಯವರು ಅಂಥವರಲ್ಲಿ ಒಬ್ಬರು. ಅವರ ಮನೆಮಾತು ಮರಾಠಿ, ಕರ್ಮಭೂಮಿ ಮಹಾರಾಷ್ಟ್ರ. ಆದರೂ ಅವರು ಕಣ್ಣು ತೆರೆದದ್ದು ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಅಡವಿಯಲ್ಲಿ. ಪುಣೆಯಲ್ಲಿ ನೆಲೆಸಿರುವ ನಮಗೆ ಅವರು ಎರಡು ಬಗೆಯಿಂದ ನೆರೆಯವರು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂದು ಲೋಕವೆಲ್ಲ ಹೇಳುತ್ತಿದ್ದ ಕಾಲದಲ್ಲಿ ಪತ್ನಿ ಲಕ್ಷ್ಮೀಬಾಯಿಗೆ ಕಲಿಸಲು ಹೊರಟು, ಆ ಕಾರಣಕ್ಕಾಗಿ ನಾಲ್ಕು ಜನರ ನಿಷ್ಠುರ ಕಟ್ಟಿಕೊಂಡರು. ಕಾಡಿನಲ್ಲಿ ಆಶ್ರಮ ಕಟ್ಟಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳು ಸಾಲಗಾರರಾದರು. ಮಗು ಆರು ತಿಂಗಳಿನದಿರುವಾಗಲೇ ಸಂಸಾರವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳು ತಲೆಯ ಮೇಲೆ ಹೊತ್ತು ನಡೆದನಂತೆ. ಮುಂದೆ ಹದಿನಾರು ವರ್ಷ ಊರೂರಿನ ಗುಡಿಗಳಲ್ಲಿ ಪುರಾಣ ಓದುವುದೇ ಆ ಮನೆಯ ಜೀವನ. ತಾಯಿಯ ಬಾಯಿಂದ ಪಾಠ ಕೇಳುತ್ತ ಕೇಳುತ್ತ ಬಾಲಕಿಗೆ ಸಾವಿರಾರು ಶ್ಲೋಕಗಳು ಕಂಠಪಾಠವಾದವು.

1874ರ ಸುಮಾರಿಗೆ ಮದರಾಸು ಪ್ರಾಂತದಲ್ಲಿ ಬರ ಬಿದ್ದಿತು. ಭಿಕ್ಷೆ ಬೇಡಲು ನಾಚಿಕೆ, ಕೂಲಿ ಮಾಡಲು ಅಭ್ಯಾಸವಿಲ್ಲ. ಅಡವಿಯ ಸೊಪ್ಪುಸದೆ ತಿಂದು ದಿನ ನೂಕಿದರು. ಮೊದಲು ತಂದೆ, ಕೆಲವೇ ತಿಂಗಳಲ್ಲಿ ತಾಯಿ, ಅನಂತರ ಅಕ್ಕ ತೀರಿಕೊಂಡರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಜನ ಸಾಲದೆ, ಹದಿನಾರರ ರಮಾಬಾಯಿಯೇ ಒಂದು ತುದಿಯನ್ನು ಹಿಡಿದರು. ಎತ್ತರ ಸಾಲದ್ದರಿಂದ ಹೆಗಲಿನ ಮೇಲಲ್ಲ, ತಲೆಯ ಮೇಲೆ ಹೊತ್ತರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ಅವರು, ಇಬ್ಬರೇ. ಸಾವಿರಾರು ಮೈಲು ಕಾಲ್ನಡಿಗೆಯಲ್ಲಿ ಸುತ್ತಿದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ, ಹೊದೆಯಲು ಬಟ್ಟೆಯಿಲ್ಲದೆ, ಗುಂಡಿ ತೋಡಿ ಮೈಮೇಲೆ ಮರಳು ಎಳೆದುಕೊಂಡು ಮಲಗಿದ ರಾತ್ರಿಗಳೂ ಉಂಟು. ಬಾಲ್ಯದ ಶ್ರದ್ಧೆಯು ಅವರಲ್ಲಿ ಸಡಿಲಿದ್ದು ಆ ದಿನಗಳಲ್ಲಿಯೇ.

1878ರಲ್ಲಿ ಕಲ್ಕತ್ತೆಯ ಪಂಡಿತರು ಈ ತರುಣಿಯ ವಿದ್ವತ್ತನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ ಸುಖ ಬಹುಕಾಲ ನಿಲ್ಲಲಿಲ್ಲ. 1880ರಲ್ಲಿ ಅಣ್ಣ ಗತಿಸಿದ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. ಜಾತಿ ಬೇರೆ, ಭಾಷೆ ಬೇರೆ ಎಂದು ಬಂಧುಬಳಗ ದೂರವಾಯಿತು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ತುತ್ತಾದರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಹಸುಗೂಸು!

ಪತಿಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯೊಂದು ಅವರಿಗೆ ಸಿಕ್ಕಿತ್ತು. ಅದರ ಬೀಜ ಮನಸ್ಸಿನಲ್ಲಿ ಬಿದ್ದಿತ್ತು. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಮರುವರ್ಷ ಇಂಗ್ಲೆಂಡಿಗೆ ತೆರಳಿದರು. ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರನ್ನು ಅಲ್ಲಿಯ ಕ್ರೈಸ್ತ ಸಂನ್ಯಾಸಿನಿಯರು ಕೈಹಿಡಿದು ಎತ್ತುವುದನ್ನು ಕಂಡರು. ಏಸು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತನಾಡಿದ ಪ್ರಸಂಗವನ್ನು ಓದಿ ಅವರ ಮನಸ್ಸು ಕರಗಿತು. 1883ರ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ತಾಯಿಮಗಳು ದೀಕ್ಷಾಸ್ನಾನ ಪಡೆದರು.

ಕಷ್ಟ ಇಲ್ಲಿಗೆ ಮುಗಿಯಿತೆಂದು ತಿಳಿದರೆ ತಪ್ಪಾದೀತು. ಇಲ್ಲಿಂದ ಅದರ ಬಗೆ ಬದಲಾಯಿತು. ಸ್ವದೇಶದಲ್ಲಿ ಅವರನ್ನು ಕುಲಗೆಟ್ಟವಳೆಂದರು. ಅತ್ತ ಗುರುಸ್ಥಾನದಲ್ಲಿದ್ದ ಸಂನ್ಯಾಸಿನಿಯರು ಈಕೆ ಪ್ರಶ್ನೆ ಕೇಳುವುದು ಹೆಚ್ಚು, ವಿಧೇಯತೆ ಕಡಿಮೆ ಎಂದು ಬೇಸರಗೊಂಡರು. ರಮಾಬಾಯಿ ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲೇ ಏಕಿರಬೇಕು, ಸಂಸ್ಕೃತದಲ್ಲಿ ಏಕಿರಬಾರದು ಎಂದು ಕೇಳಿದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯ ವಿದ್ಯೆಯ ಆಸೆಯನ್ನೂ ಬಿಡಬೇಕಾಯಿತು. ಎರಡು ಕಡೆಯವರೂ ತಮ್ಮವಳೆನ್ನದ ಈ ಸ್ಥಿತಿಯಲ್ಲಿ ಅವರು ಯಾರನ್ನೂ ದೂಷಿಸುತ್ತ ಕೂರಲಿಲ್ಲ, ತಮ್ಮ ನಂಬಿಕೆಯನ್ನು ಕೈಬಿಡಲೂ ಇಲ್ಲ.

1886ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಹಿಂದೂ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಾಸ್ಟನ್ನಿನ ಸಹೃದಯರು ಹತ್ತು ವರ್ಷ ಧನಸಹಾಯದ ವಚನವಿತ್ತರು. ಆ ಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮುಂದಿನ ವರ್ಷ ಅದು ಪುಣೆಗೆ ಬಂತು. ಮಹರ್ಷಿ ಕರ್ವೆಯವರ ಪತ್ನಿ ಆನಂದಿಬಾಯಿ ಇಲ್ಲಿಯ ಮೊದಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು.

1893ರಲ್ಲಿ ಬಿರುಗಾಳಿಯೆದ್ದಿತು. ಸದನದ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಹೋಗುತ್ತಾರೆ, ಕ್ರೈಸ್ತಮತದತ್ತ ಒಲಿಯುತ್ತಿದ್ದಾರೆ ಎಂಬುದು ಆಕ್ಷೇಪ. ಮತದ ವಿಷಯದಲ್ಲಿ ಸದನ ತಟಸ್ಥವಾಗಿರುವುದೆಂಬ ಮಾತನ್ನು ನಂಬಿ ಮಕ್ಕಳನ್ನು ಕಳುಹಿಸಿದ್ದ ಹಿರಿಯರ ನೋವು ಸುಳ್ಳಲ್ಲ. ತಾವು ಯಾರನ್ನೂ ಬಲವಂತ ಮಾಡಿಲ್ಲ, ಆದರೆ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚಿಕೊಳ್ಳಲಾರೆ ಎಂಬ ರಮಾಬಾಯಿಯವರ ನಿಲುವೂ ಸುಳ್ಳಲ್ಲ. ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರ್‌ಕರ್ ಅಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ತಂದೆತಾಯಿಗಳು ಮಕ್ಕಳನ್ನು ಕರೆದೊಯ್ದರು. ಉಳಿದವರನ್ನು ಕಟ್ಟಿಕೊಂಡು ರಮಾಬಾಯಿ ಮರುದಿನದ ಪಾಠಕ್ಕೆ ಕುಳಿತರು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿತು. ಬರದ ಬವಣೆ ಉಂಡಿದ್ದ ಜೀವ ಸುಮ್ಮನಿರಲಿಲ್ಲ. ತಾವೇ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ, ಅಷ್ಟು ಜನರನ್ನು ಇರಿಸಿಕೊಳ್ಳುವಂತಿಲ್ಲ. ಸದನದ ಆದಾಯಕ್ಕೆಂದು ಕೇಡಗಾಂವದಲ್ಲಿ ಕೊಂಡಿದ್ದ ಸುಮಾರು 100 ಎಕರೆ ಹೊಲದಲ್ಲಿ ಬಿಡಾರ ಹೂಡಿದರು. ಅದೇ ಮುಕ್ತಿ ಸದನವಾಯಿತು. 1900ರಲ್ಲಿ ಗುಜರಾತಿನ ಕ್ಷಾಮದವರೂ ಬಂದು ಸೇರಿ, ಜನಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು.

ಜಮಾಖರ್ಚು ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇಲ್ಲಿ ಒಂದು ಸೋಜಿಗವಿದೆ. ಬಾಸ್ಟನ್ನಿನವರ ಹತ್ತು ವರ್ಷದ ವಚನ 1898ಕ್ಕೆ ತೀರಿತು. ಉಣ್ಣುವ ಬಾಯಿಗಳು ಹೆಚ್ಚಿದವು, ಜಮೆಯ ಪುಟದಲ್ಲಿ ಖಚಿತವಾದ ಮೊತ್ತವಿಲ್ಲ. ರಮಾಬಾಯಿ ದೇವರನ್ನು ನಂಬಿದರು. ಹಾಗೆಂದು ಕೈಕಟ್ಟಿ ಕೂರಲಿಲ್ಲ. ಬಾವಿ ತೋಡಿಸಿದರು, ಮಗ್ಗ ಹಾಕಿಸಿದರು, ಹಸು ಸಾಕಿದರು, ಎಣ್ಣೆಯ ಗಾಣ, ಅಚ್ಚುಕೂಟ ಇಟ್ಟರು. ಕುರುಡಿಯರಿಗೂ ಓದು, ಕೈಕಸುಬು ಕಲಿಸಲಾಯಿತು. ಅವರ ಪ್ರಾರ್ಥನೆ, ದುಡಿಮೆ ಒಂದೇ ನೊಗದ ಎರಡು ಎತ್ತುಗಳಂತಿದ್ದವು.

ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಬೈಬಲ್ ಇರಬೇಕೆಂದು, ನಲವತ್ತೈದು ದಾಟಿದ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳಿಗೆ ಕೈಹಾಕಿ, ಒಂಟಿಯಾಗಿಯೇ ಅನುವಾದಕ್ಕೆ ತೊಡಗಿದರು. ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಸದನದ ಹೆಣ್ಣುಮಕ್ಕಳೇ. ಇತ್ತ ಅಂದಿನ ನಿಜಾಮ ರಾಜ್ಯದ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ನಮ್ಮ ಕಲಬುರಗಿಯಲ್ಲಿ, 1912ರ ಸುಮಾರಿಗೆ ಶಾಲೆಯೊಂದನ್ನು ತೆರೆದರು. ಮನೋರಮೆ ಅದರ ಹೊಣೆ ಹೊತ್ತಳು. ಹುಟ್ಟುನಾಡಿಗೆ ಈ ಕುಟುಂಬ ತೀರಿಸಿದ ಋಣವೆಂದು ನಾವು ಇದನ್ನು ಭಾವಿಸುತ್ತೇವೆ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕವಿತ್ತಿತು. ಆದರೆ ವಿಧಿಯ ಕೊನೆಯ ಪೆಟ್ಟು ಬಾಕಿಯಿತ್ತು. ತಮ್ಮ ಅನಂತರ ಸದನ ನೋಡಿಕೊಳ್ಳಲಿ ಎಂದು ಬೆಳೆಸಿದ್ದ ಒಬ್ಬಳೇ ಮಗಳು 1921ರ ಜುಲೈಯಲ್ಲಿ ನಲವತ್ತನೆಯ ವಯಸ್ಸಿಗೆ ತೀರಿಕೊಂಡಳು. ಕಿವಿ ಕೇಳದ, ದೇಹ ಕುಗ್ಗಿದ ತಾಯಿ ಮತ್ತೆ ಬೈಬಲಿನ ಕರಡು ತಿದ್ದಲು ಕುಳಿತರು. ಆ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿಯೇ ಕಣ್ಣುಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ಹೆಸರಿನ ಅಂಚೆಚೀಟಿ ಹೊರಡಿಸಿತು. ಮುಕ್ತಿ ಸದನ ಇಂದಿಗೂ ನಡೆದಿದೆ.

ಅವರು ಹಿಡಿದ ಮತವನ್ನು ನಮ್ಮಲ್ಲಿ ಕೆಲವರು ಹಿಡಿದಿರಬಹುದು, ಹಲವರು ಹಿಡಿಯದಿರಬಹುದು. ಆದರೆ ತಾಳ್ಮೆಯೆಂದರೆ ಬಂದದ್ದನ್ನು ತಲೆಬಾಗಿ ಸಹಿಸುವುದಷ್ಟೇ ಅಲ್ಲ, ಕಳೆದುಕೊಂಡ ಮರುದಿನವೂ ಕೆಲಸಕ್ಕೆ ಏಳುವುದು ಎಂಬ ಪಾಠ ಎಲ್ಲ ಮತದವರಿಗೂ ಸಲ್ಲತಕ್ಕದ್ದು. ಊರು ಬಿಟ್ಟು ಬಂದು ಬಾಳು ಕಟ್ಟಿಕೊಳ್ಳುತ್ತಿರುವ ನಮಗಂತೂ ಅದು ತೀರ ಬೇಕಾದದ್ದು. ಪುಣೆಯಿಂದ ಸೊಲ್ಲಾಪುರದ ದಾರಿಯಾಗಿ ನಮ್ಮನ್ನು ಊರಿಗೆ ಒಯ್ಯುವ ರೈಲು ಕೇಡಗಾಂವವನ್ನು ಹಾದೇ ಹೋಗುತ್ತದೆ. ಆ ನಿಲ್ದಾಣ ಬಂದಾಗ ಮಕ್ಕಳಿಗೆ ಈ ಗಂಗಾಮೂಲದ ಮಗಳ ಕತೆಯನ್ನು ಹೇಳೋಣ.