ವೈದ್ಯವಿದ್ಯಾತಪಸ್ವಿ ಯಲ್ಲಾಪ್ರಗಡ ಸುಬ್ಬರಾಯರು

ವಿತ್ತವಿಲ್ಲದವನಿಗೆ ವೈದ್ಯವಿದ್ಯೆಯು ದುರ್ಲಭವೆಂಬುದು ಲೋಕರೂಢಿಯ ಮಾತು. ಸುಬ್ಬರಾಯರ ಚರಿತ್ರೆಯನ್ನು ನೋಡಿದರೆ ಈ ಮಾತು ಸುಳ್ಳೆನ್ನುವಂತಿಲ್ಲ. ಆದರೆ ಅದು ಪೂರ್ಣಸತ್ಯವೂ ಅಲ್ಲ. ಆಂಧ್ರದೇಶದ ಭೀಮವರದಲ್ಲಿ 1895ನೆಯ ಇಸವಿ ಜನವರಿ 12ರಂದು ಜನ್ಮವೆತ್ತಿದ ಇವರ ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ನೌಕರರು. ವ್ಯಾಧಿಪೀಡಿತರಾಗಿ ಅವರು ಅವಧಿಗೆ ಮುನ್ನವೇ ನೌಕರಿಯನ್ನು ಬಿಡಬೇಕಾಯಿತು. ಮನೆಯಲ್ಲಿ ಮಕ್ಕಳು ಏಳು ಮಂದಿ. ಕಾಶೀಯಾತ್ರಿಕರಿಗೆ ಬಾಳೆಹಣ್ಣು ಮಾರಿ ಧನಾರ್ಜನೆ ಮಾಡುವೆನೆಂದು ಬಾಲಕನು ಮನೆ ಬಿಟ್ಟು ಹೊರಟುದೂ, ತಾಯಿ ವೆಂಕಮ್ಮನವರು ಹಿಡಿದು ತರಿಸಿ ಮರಳಿ ಶಾಲೆಗೆ ಕಳುಹಿದುದೂ ಪ್ರಸಿದ್ಧವಾಗಿದೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಮೂರನೆಯ ಸಲಕ್ಕೆ ಕೈಗೂಡಿತು.

ತಾರುಣ್ಯದಲ್ಲಿ ಇವರ ಮನಸ್ಸು ಸಂನ್ಯಾಸದತ್ತ ಒಲಿದಿದ್ದಿತು. ರಾಮಕೃಷ್ಣಾಶ್ರಮದ ಯತಿಗಳಾದರೋ, ರೋಗಿಗಳ ಸೇವೆಗೆ ಬೇಕಾದ ವಿದ್ಯೆಯನ್ನು ಮೊದಲು ಸಂಪಾದಿಸಬೇಕೆಂದು ತಿಳಿಯಹೇಳಿದರು. ಅಂತು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದುದಾಯಿತು. ವೆಚ್ಚಕ್ಕೆ ಮಿತ್ರರೂ, ಮುಂದೆ ಕನ್ಯಾದಾನ ಮಾಡಿದ ಕಸ್ತೂರಿ ಸೂರ್ಯನಾರಾಯಣಮೂರ್ತಿಗಳೂ ಒದಗಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ನಿಲುವಂಗಿಯನ್ನು ಧರಿಸಿ ಶಸ್ತ್ರಚಿಕಿತ್ಸಾಶಾಲೆಗೆ ಹೋದುದರಿಂದ ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಗುರಿಯಾದರು. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾದರೂ ದೊರೆತುದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಎಂಬ ಯೋಗ್ಯತಾಪತ್ರ. ಸರಕಾರದ ವೈದ್ಯಸೇವೆಯ ಬಾಗಿಲು ತೆರೆಯಲಿಲ್ಲ. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸುತ್ತ ದಿನ ಕಳೆದರು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಜೀರ್ಣಾಂಗವ್ಯಾಧಿಗೆ ತುತ್ತಾದ ದುಃಖವು ಇವರನ್ನು ಎಂದೂ ಬಿಡಲಿಲ್ಲ.

ಮುಂದಿನ ವ್ಯಾಸಂಗಕ್ಕೆ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವು ಸ್ಥಳವನ್ನು ಕೊಟ್ಟಿತೇ ಹೊರತು ಹಣವನ್ನು ಕೊಡಲಿಲ್ಲ. ಕಾಕಿನಾಡೆಯ ಮಲ್ಲಾಡಿ ಸತ್ಯಲಿಂಗ ನಾಯಕರ ಧರ್ಮಸಂಸ್ಥೆಯ ಸಹಾಯವೂ, ಮಾವನವರು ಕೂಡಿಸಿದ ದ್ರವ್ಯವೂ ಸಮುದ್ರವನ್ನು ದಾಟಿಸಿದುವು. ಸತ್ಯಲಿಂಗ ನಾಯಕರು ತಾವು ಕಂಡರಿಯದ ಮಕ್ಕಳಿಗಾಗಿ ಇಟ್ಟುಹೋದ ನಿಧಿಯದು. ದಾನಕ್ಕೆ ಇದಕ್ಕಿಂತ ಸಾರ್ಥಕತೆಯಿಲ್ಲ. ಬಾಸ್ಟನ್ ನಗರದಲ್ಲಿ ಆ ಹಣವು ಸಾಲದಾಗಲು, ವೈದ್ಯನೆನಿಸಿದವರು ಆಸ್ಪತ್ರೆಯಲ್ಲಿ ರಾತ್ರಿಯ ಪರಿಚಾರಕರಾಗಿ ರೋಗಿಗಳ ಮಲಮೂತ್ರಪಾತ್ರೆಗಳನ್ನು ತೊಳೆದು ಹಗಲು ಪಾಠಕ್ಕೆ ಕುಳಿತರು. ಕಾಯಕದಲ್ಲಿ ಕೀಳೆಂಬುದನ್ನು ಇವರು ಎಣಿಸಲಿಲ್ಲ.

ಬಳಿಕ ಜೀವರಸಾಯನಶಾಸ್ತ್ರದಲ್ಲಿ ಫಿಸ್ಕೆ ಎಂಬ ವಿದ್ವಾಂಸರೊಡನೆ ದುಡಿದು 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಸ್ನಾಯುಗಳ ಶಕ್ತಿದ್ರವ್ಯಗಳನ್ನು ಕಂಡುಹಿಡಿದರು. 1930ರಲ್ಲಿ ಪಿಎಚ್.ಡಿ. ಪದವಿ ಬಂದಿತು. ಆದರೂ ಹಾರ್ವರ್ಡಿನಲ್ಲಿ ಸ್ಥಿರವಾದ ಪೀಠ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಔಷಧಾಲಯವನ್ನು ಸೇರಿದ ಮೇಲೆ ಇವರ ಮುಂದಾಳತ್ವದಲ್ಲಿ 1945ರ ಹೊತ್ತಿಗೆ ಫೋಲಿಕ್ ಆಮ್ಲವು ಕೃತಕವಾಗಿ ಸಿದ್ಧವಾಯಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಆನೆಕಾಲು ರೋಗದ ಔಷಧವೂ, ರಕ್ತದ ಕ್ಯಾನ್ಸರಿಗೆ ತುತ್ತಾದ ಶಿಶುಗಳಿಗೆ 1948ರಲ್ಲಿ ಫಾರ್ಬರ್ ವೈದ್ಯರು ಕೊಟ್ಟು ಗುಣ ಕಂಡ ಔಷಧವೂ ಇದೇ ಶೋಧನಶಾಲೆಯಿಂದ ಬಂದುವು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಇವರು ಅಮೆರಿಕೆಯಲ್ಲಿಯೇ ದೇಹವನ್ನು ಬಿಟ್ಟರು. ಶೀಘ್ರದಲ್ಲಿಯೇ ಮರಳುವರೆಂದು ಮಡದಿ ಶೇಷಗಿರಿಯಮ್ಮನವರು ಕಾದಿದ್ದರು. ಸುಬ್ಬರಾಯರ ಸ್ತುತಿಯಲ್ಲಿ ಈ ಸಾಧ್ವಿಯ ಹೆಸರು ಬರುವುದು ಅಪರೂಪ. ಗಂಡನು ಹಡಗು ಹತ್ತಲು ಧನವನ್ನು ಕೂಡಿಸಿಕೊಟ್ಟುದು ಆಕೆಯ ತವರುಮನೆ. ಆತನನ್ನು ಮತ್ತೆ ಕಾಣುವ ಭಾಗ್ಯವು ಆಕೆಗೆ ಬರಲಿಲ್ಲ.