ಡಲ್ಲಾಸ್ ಬಿಟ್ಟು ಪೀಣ್ಯಕ್ಕೆ ಹೋದ ರಾಯರು

ನಮ್ಮ ಟೆಕ್ಸಾಸ್‌ನಲ್ಲಿ ಆಸ್ಟಿನ್ ಪಕ್ಕದ ಬ್ಯಾಸ್ಟ್ರಾಪ್‌ನಲ್ಲಿ ಸ್ಟಾರ್‌ಲಿಂಕ್ ಡಿಷ್ ತಯಾರಾಗೋದು ಬಹಳ ಜನಕ್ಕೆ ಗೊತ್ತು. ಆದರೆ ಇದೇ ರಾಜ್ಯದಲ್ಲಿ ಅರುವತ್ತು ವರ್ಷದ ಹಿಂದೆ ಒಬ್ಬ ಉಡುಪಿಯವರು ಬಾಹ್ಯಾಕಾಶದ ಕೆಲಸ ಮಾಡ್ತಿದ್ದರು ಅನ್ನೋದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರೇ ಉಡುಪಿ ರಾಮಚಂದ್ರ ರಾವ್, ಎಲ್ಲರ ಬಾಯಲ್ಲಿ ಯು. ಆರ್. ರಾವ್.

ಹುಟ್ಟಿದ್ದು 1932ರ ಮಾರ್ಚ್ 10ರಂದು, ಉಡುಪಿ ಹತ್ತಿರದ ಅದಮಾರಿನಲ್ಲಿ. ಊರಿನ ಶಾಲೆ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಆಮೇಲೆ ಬಳ್ಳಾರಿ, ಅನಂತಪುರ, ಬನಾರಸ್ ಅಂತ ಓದು ಸಾಗಿತು. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯ್ ಅವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಅಲ್ಲಿಂದ ಅಮೆರಿಕದ ಎಂಐಟಿಗೆ ಬಂದು, 1963ರಲ್ಲಿ ಡಲ್ಲಾಸ್ ಸೇರಿದರು. ಅವರು ಕೆಲಸ ಮಾಡಿದ ಸಂಸ್ಥೆಯೇ ಮುಂದೆ ಯೂನಿವರ್ಸಿಟಿ ಆಫ್ ಟೆಕ್ಸಾಸ್ ಅಟ್ ಡಲ್ಲಾಸ್ ಆಯಿತು. 1965ರ ಡಿಸೆಂಬರಿನಲ್ಲಿ ನಾಸಾ ಹಾರಿಸಿದ ಪಯೋನಿಯರ್ 6 ನೌಕೆಯಲ್ಲಿ ಕಾಸ್ಮಿಕ್ ಕಿರಣ ಅಳೆಯುವ ಉಪಕರಣ ಇತ್ತಲ್ಲ, ಅದರ ತಂಡದಲ್ಲಿ ರಾಯರೂ ಇದ್ದರು.

ಒಳ್ಳೆ ಕೆಲಸ, ಒಳ್ಳೆ ಹೆಸರು. ಇಲ್ಲಿಗೆ ಬಂದ ನಮ್ಮಂಥವರು ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಮುಂದೆ ಹಾಕ್ತಾನೇ ಇರ್ತೀವಿ. ಅವರು 1966ರಲ್ಲಿ ಗಂಟುಮೂಟೆ ಕಟ್ಟಿ ಅಹಮದಾಬಾದಿಗೆ ವಾಪಸ್ ಹೋದರು. ಆಗ ಭಾರತದ ಒಂದೂ ಉಪಗ್ರಹ ಇರಲಿಲ್ಲ, ಕಟ್ಟೋ ಜಾಗವೂ ಇರಲಿಲ್ಲ.

1972ರಲ್ಲಿ ಸೋವಿಯತ್ ರಷ್ಯಾ ತನ್ನ ರಾಕೆಟ್‌ನಲ್ಲಿ ನಮ್ಮ ಉಪಗ್ರಹ ಹಾರಿಸಿಕೊಡಲು ಒಪ್ಪಿತು. ಕಟ್ಟುವ ಹೊಣೆ ರಾಯರ ಮೇಲೆ ಬಿತ್ತು. ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳೇ ಕಾರ್ಖಾನೆ. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉಪಗ್ರಹವನ್ನು ಕಣ್ಣಲ್ಲಿ ಕಂಡಿರದ ಎಳೆ ಹುಡುಗರು. ಮಾಹಿತಿ ಹಿಡಿಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಅದಕ್ಕೆ ಬಳಸಿದರು. ಹೀಗೆ ತಯಾರಾದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಮೇಲೆ ಹೋಯಿತು.

ನಾಲ್ಕೇ ದಿನಕ್ಕೆ ಪ್ರಯೋಗಗಳಿಗೆ ಕೊಟ್ಟಿದ್ದ ಕರೆಂಟು ಕೈಕೊಟ್ಟಿತು. ಮನೇಲಿ ಒಂದು ಲೈನ್ ಹೋದರೆ ಏಣಿ ಹಾಕಿ, ಟೆಸ್ಟರ್ ಹಿಡಿದು ನೋಡಬಹುದು. ಸುಮಾರು ಆರುನೂರು ಕಿಲೋಮೀಟರ್ ಮೇಲೆ ಯಾರು ಏಣಿ ಹಾಕ್ತಾರೆ? ವಿಜ್ಞಾನದ ಮೂರೂ ಪ್ರಯೋಗ ನಿಂತವು. ಆದರೆ ಉಪಗ್ರಹದ ಮುಖ್ಯ ಭಾಗ 1981ರವರೆಗೂ ಜೀವಂತ ಇತ್ತು. ಕಟ್ಟೋದನ್ನ ಕಲಿಯೋದೇ ಮುಖ್ಯ ಗುರಿಯಾಗಿತ್ತು, ಅದು ಆಯಿತು.

ನನಗೆ ಇಷ್ಟವಾದದ್ದು ಆ್ಯಪಲ್ ಉಪಗ್ರಹದ ಕಥೆ. ಅದು ಸಂಪರ್ಕಕ್ಕೆ ಅಂತ ಕಟ್ಟಿದ್ದು, 36,000 ಕಿಲೋಮೀಟರ್ ಎತ್ತರಕ್ಕೆ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ದರೆ ಸಿಗ್ನಲ್ ಕೆಡುತ್ತೆ. ಅದಕ್ಕೇ ಎತ್ತಿನ ಗಾಡಿ ಮೇಲೆ ಇಟ್ಟರು. ಆ ಫೋಟೋ ನೋಡಿ ನಗೋರಿದ್ದಾರೆ. ಸರಿಯಾದ ಕೆಲಸಕ್ಕೆ ಸರಿಯಾದ ಸಾಮಾನು ಅದು, ನಗೋ ಮಾತೇನಿದೆ! 1981ರ ಜೂನ್ 19ರಂದು ಅದು ಏರಿಯಾನ್ ರಾಕೆಟ್‌ನಲ್ಲಿ ಹೋಯಿತು. ಎರಡು ಸೌರ ಫಲಕದಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಇದ್ದ ಕರೆಂಟಿನಲ್ಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು.

1984ರಿಂದ ಹತ್ತು ವರ್ಷ ರಾಯರು ಇಸ್ರೋ ಅಧ್ಯಕ್ಷರಾಗಿದ್ದರು. ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಬಿತ್ತು, 88ರಲ್ಲಿ ಮತ್ತೆ ಬಿತ್ತು. ಬೈಸಿಕೊಂಡೇ ಕೆಲಸ ಮುಂದುವರಿಸಿದರು. ಮೊದಲ ಇನ್ಸಾಟ್‌ಗಳನ್ನು ಅಮೆರಿಕದ ಕಂಪನಿಯಿಂದ ಮಾಡಿಸಿ ತರಬೇಕಿತ್ತು. 1992ರಲ್ಲಿ ಹಾರಿದ ಇನ್ಸಾಟ್-2ಎ ನಮ್ಮಲ್ಲೇ ಕಟ್ಟಿದ್ದು.

2017ರಲ್ಲಿ ಪದ್ಮವಿಭೂಷಣ ಬಂತು, ಅದೇ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು. ಹೈಸ್ಪೀಡ್ ಇಂಟರ್ನೆಟ್‌ಗೆಂದೇ ಮಾಡಿದ ಜಿಸ್ಯಾಟ್-ಎನ್2 ಇಸ್ರೋದವರೇ ಕಟ್ಟಿದ್ದು. 2024ರ ನವೆಂಬರಿನಲ್ಲಿ ಅದನ್ನು ಫ್ಲಾರಿಡಾದಿಂದ ಹಾರಿಸಿಕೊಟ್ಟಿದ್ದು ಬ್ಯಾಸ್ಟ್ರಾಪ್‌ನಲ್ಲಿ ಡಿಷ್ ಮಾಡೋ ಅದೇ ಸ್ಪೇಸ್‌ಎಕ್ಸ್.