ಚಾರ್ಲ್ಸ್ ಗುಡ್‌ಇಯರ್

ವಿದ್ಯಾರ್ಥಿಗಳೇ, ನಿಮ್ಮ ಸೈಕಲ್ಲಿನ ಟೈರು ಬಿಸಿಲಿಗೆ ಅಂಟಾಗುವುದಿಲ್ಲ, ಚಳಿಗೆ ಸೀಳುವುದಿಲ್ಲ. ರಬ್ಬರಿಗೆ ಈ ಗುಣವು ಹುಟ್ಟಿನಿಂದ ಬಂದುದಲ್ಲ. ಒಬ್ಬ ಸಾಲಗಾರನ ಹಠದಿಂದ ಬಂದುದು.

ಚಾರ್ಲ್ಸ್ ಗುಡ್‌ಇಯರನು 1800ರ ಡಿಸೆಂಬರ್ 29ರಂದು ಅಮೇರಿಕದ ನ್ಯೂ ಹೇವನ್ ನಗರದಲ್ಲಿ ಜನಿಸಿದನು. ತಂದೆಯೊಡನೆ ನಡೆಸುತ್ತಿದ್ದ ಲೋಹದ ಸಾಮಾನುಗಳ ವ್ಯಾಪಾರವು ಮುರಿದುಬಿತ್ತು. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ಆ ಕಾಲದ ರಬ್ಬರು ಸೆಕೆಗೆ ಕರಗಿ, ಚಳಿಗೆ ಪೆಡಸಾಗುತ್ತಿತ್ತು. ಈ ದೋಷವನ್ನು ನೀಗಿಸಲು ಅವನು ಪಣತೊಟ್ಟನು. ಬಡತನವು ಎಷ್ಟು ಹೆಚ್ಚಿತೆಂದರೆ, ಮಕ್ಕಳ ಪಾಠಪುಸ್ತಕಗಳನ್ನೂ ಮಾರಿದನೆಂದು ಚರಿತ್ರಕಾರರು ಹೇಳುತ್ತಾರೆ.

1839ರಲ್ಲಿ ಗಂಧಕ ಬೆರೆಸಿದ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಅದು ಕರಗದೆ ತೊಗಲಿನಂತೆ ಕರಿಯಾಯಿತು. ಅಂಚಿನಲ್ಲಿ ಮಾತ್ರ ಹದವಾದ ರಬ್ಬರು ಉಳಿದಿತ್ತು. ರಬ್ಬರಿನ ಅಣುಗಳು ಉದ್ದವಾದ ಎಳೆಗಳು. ಶಾಖದಲ್ಲಿ ಗಂಧಕವು ಅವುಗಳ ನಡುವೆ ಅಲ್ಲಲ್ಲಿ ಸೇತುವೆ ಕಟ್ಟುತ್ತದೆ. ಆಗ ಎಳೆಗಳು ಹಿಗ್ಗಿದರೂ ಮರಳಿ ಸ್ವಸ್ಥಾನಕ್ಕೆ ಬರುತ್ತವೆ. ಇದೇ ವಲ್ಕನೀಕರಣ. ಗುಡ್‌ಇಯರನು ಈ ಕಾರಣವನ್ನು ಅರಿಯನು. ಎಷ್ಟು ಶಾಖ, ಎಷ್ಟು ಹೊತ್ತು ಎಂಬ ಹದವನ್ನು ಪ್ರಯೋಗದಿಂದಲೇ ಕಂಡುಕೊಂಡು 1844ರಲ್ಲಿ ಪೇಟೆಂಟು ಪಡೆದನು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕನು ಆ ಹಕ್ಕನ್ನು ಅವನಿಗಿಂತ ಮೊದಲೇ ಪಡೆದಿದ್ದನು.

1860ರ ಜುಲೈ 1ರಂದು ಗುಡ್‌ಇಯರನು ತೀರಿಕೊಂಡಾಗ ಅವನ ಸಾಲವು ಸುಮಾರು 2 ಲಕ್ಷ ಡಾಲರು. 1898ರಲ್ಲಿ ಹುಟ್ಟಿದ ಟೈರು ಕಂಪನಿಯು ಅವನ ಹೆಸರನ್ನಷ್ಟೇ ಪಡೆಯಿತು. ಅವನ ಮನೆತನಕ್ಕೆ ಅದರಲ್ಲಿ ಪಾಲಿರಲಿಲ್ಲ.

ಒಲೆಯ ಬಳಿ ನಡೆದುದು ಆಕಸ್ಮಿಕವೇ ಸರಿ. ಆದರೆ ವರ್ಷಗಟ್ಟಲೆ ಅದನ್ನೇ ಅರಸಿದ ಕಣ್ಣಿಗಲ್ಲದೆ, ಸುಟ್ಟ ತುಂಡಿನ ಆ ಅಂಚು ಬೇರಾರಿಗೆ ಕಾಣುತ್ತಿತ್ತು?